ಮಗು ಕಚ್ಚಿದ ಹುಳ

ಮನೆಯವರೆಲ್ಲ ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಸತ್ತ ಹುಳಗಳಿಗೆ ಸೂಜಿ ಚುಚ್ಚಿ, ಗುರುತು ಹಿಡಿದು, ಪೆಟ್ಟಿಗೆಗಳಲ್ಲಿ ಜೋಡಿಸುವುದು ಅವಳ ಕೆಲಸ. ಮದುವೆ ಮನೆಯಲ್ಲೂ ಯಾರಾದರೊಬ್ಬರು ಮೊಬೈಲ್ ಚಾಚಿ, "ಇದ್ಯಾವ ಹುಳ, ಹೇಳು ನೋಡೋಣ" ಎನ್ನುವವರೇ. ಮುಕ್ಕಾಲು ಪಾಲು ಫೋಟೊಗಳಿಗೆ ಅವಳ ಉತ್ತರ ಒಂದೇ: "ಗೊತ್ತಾಗಲ್ಲ." ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಆ ಮಧ್ಯಾಹ್ನ ನಗುವ ಹಾಗಿರಲಿಲ್ಲ. ಅಣ್ಣ ಫೋಟೊ ಕಳಿಸಿದ ಬೆನ್ನಿಗೇ ಫೋನು ಮಾಡಿದ.

"ಪಾಪು ಹೂಕುಂಡದಲ್ಲಿದ್ದ ಹುಳ ಹಿಡ್ಕೊಂಡು ಕಚ್ಚಿಬಿಟ್ಟಿದಾಳೆ ಕಣೇ. ಅರ್ಧ ಹೊಟ್ಟೆಗೆ ಹೋಗಿದೆ. ವಿಷಾನಾ?"

ಪರದೆಯ ಮೇಲೆ ಕೆಂಪು-ಕಪ್ಪು ಪಟ್ಟೆಯ ಬೆನ್ನು, ಉಳಿದದ್ದೆಲ್ಲ ಮಸುಕು. ತಲೆಯಿಲ್ಲ. ಕಾಲುಗಳು ಅಡಿಗೆ ಮಡಚಿಕೊಂಡಿವೆ. ಇದೇ ಬಣ್ಣದ, ಮೈಮೇಲೆ ಗುಳ್ಳೆ ಎಬ್ಬಿಸುವ ಒಂದು ಜಾತಿ ಹೊಟ್ಟೆಗೆ ಹೋದರೆ ಮಗುವಿನ ಪ್ರಾಣಕ್ಕೇ ಕುತ್ತು. ಅದನ್ನೇ ಹೋಲುವ ಹತ್ತಾರು ಬಗೆಗಳು ಏನೂ ಮಾಡವು. ಅವುಗಳಲ್ಲಿ ಎಷ್ಟಕ್ಕೋ ಇನ್ನೂ ಯಾರೂ ಹೆಸರಿಟ್ಟಿಲ್ಲ.

"ಫೋಟೊದಲ್ಲಿ ಗೊತ್ತಾಗಲ್ಲ ಅಣ್ಣ. ವಿಷ ಅಂತಲೇ ಇಟ್ಕೊಂಡು ಈಗಲೇ ಆಸ್ಪತ್ರೆಗೆ ಹೊರಡು."

"ಇಷ್ಟು ವರ್ಷ ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕಿದೆ? ಪಾಪು ಆರಾಮಾಗಿ ಆಡ್ಕೊಂಡಿದಾಳೆ. ಏನೂ ಆಗಲ್ಲ ಅಂತ ಒಂದು ಮಾತು ಹೇಳು, ಸಾಕು!"

ಆ ಒಂದು ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಹೇಳಲ್ಲ," ಎಂದಳು. "ಅತ್ತಿಗೆ ಕೈಗೆ ಫೋನ್ ಕೊಡು."

ಅತ್ತಿಗೆ ವಾದಕ್ಕೆ ನಿಲ್ಲಲಿಲ್ಲ. ಉಳಿದರ್ಧವನ್ನು ಡಬ್ಬಿಗೆ ಹಾಕಿಕೊಂಡು, ಮಗುವನ್ನೆತ್ತಿಕೊಂಡು ಟ್ಯಾಕ್ಸಿ ಹತ್ತಿದಳು.

ಹುಳದಮ್ಮ ಭೂತಗನ್ನಡಿ ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹಾಸಿಗೆಯ ಮೇಲೆ ಕೂತು ಡಾಕ್ಟರ ಪೆನ್ನು ಕಿತ್ತುಕೊಳ್ಳುತ್ತಿತ್ತು. "ಬಾಯಲ್ಲಿ ಗುಳ್ಳೆ ಎದ್ದಿಲ್ಲ. ಆದ್ರೂ ಈಗಲೇ ಏನೂ ಹೇಳೋಕಾಗಲ್ಲ," ಎಂದರು ಡಾಕ್ಟರು. ಅಣ್ಣ ಗೋಡೆ ನೋಡುತ್ತ ನಿಂತಿದ್ದ.

ಅವಳು ಕಿಟಕಿಯ ಬಳಿ ಸ್ಟೀಲ್ ತಟ್ಟೆಯಲ್ಲಿ ಹುಳವನ್ನು ಮಗುಚಿದಳು. ಬಿಡಿಸಹೋದ ಮೊದಲ ಕಾಲು ಮುರಿಯಿತು. ಉಸಿರು ಬಿಗಿಹಿಡಿದು ಇನ್ನೊಂದನ್ನು ಬಿಡಿಸಿದಳು. ವಿಷದ ಜಾತಿಯದಾದರೆ ಕಾಲ ತುದಿಯ ಉಗುರು ಉದ್ದಕ್ಕೂ ಎರಡಾಗಿ ಸೀಳಿರಬೇಕು. ಇದು ಸೀಳಿರಲಿಲ್ಲ. ಮತ್ತೊಂದು ಕಾಲು ನೋಡಿದಳು. ಅದೂ ಸೀಳಿರಲಿಲ್ಲ.

"ಆ ಜಾತಿಯದಲ್ಲ," ಎಂದವಳಿಗೆ ಅಳು ಉಕ್ಕಿ ಬಂತು.

ಅಣ್ಣ ಹತ್ತಿರ ಬಂದ. "ಮತ್ತೆ ಯಾವುದು?"

"ಗೊತ್ತಿಲ್ಲ. ತಲೆ ಇದ್ದಿದ್ರೆ ಏನಾದ್ರೂ ಹೇಳಬಹುದಿತ್ತೇನೋ."

ಮಗುವಿನ ಹೊಟ್ಟೆ ಸವರುತ್ತಿದ್ದ ಅತ್ತಿಗೆ, "ತಲೆ ಬೇಕಂದ್ರೆ ನಾಳೆ ಬೆಳಿಗ್ಗೆವರೆಗೂ ಕಾಯ್ಬೇಕಮ್ಮ," ಎಂದಳು.

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ನೆಲದ ಮೇಲೆ ಕುಸಿದು ಕೂತು, ತಂಗಿಯ ಕೈ ಹಿಡಿದುಕೊಂಡ. ಮಾರನೆಯ ದಿನ ಮಗು ಮನೆಗೆ ಹೋಯಿತು.