ಬಾಂಬರಿನ ಗನ್ ಸ್ಟ್ಯಾಂಡ್

ತೊಂಬತ್ತರ ದಶಕದ ಕೊನೆಗೆ ನಾನು ದುಬೈಯ ಸತ್ವಾದಲ್ಲಿ ವೆಲ್ಡರ್ ಆಗಿದ್ದೆ. ಕಿಟಕಿಯ ಸರಳು, ನೀರಿನ ಟ್ಯಾಂಕಿಯ ಕಾಲು, ಇಂಥವೇ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ ಹೆಂಡತಿ, 'ಅವರು ದುಬೈಯಲ್ಲಿದ್ದಾರೆ' ಎಂದು ಮಾತು ಮುಗಿಸುತ್ತಿದ್ದಳು. ಅವಳಿಗೆ ತೋರಿಸುವಂಥದ್ದು ನಾನೇನೂ ಮಾಡಿರಲಿಲ್ಲ, ನಿಜ.

ಆಗ ಒಬ್ಬ ಶ್ರೀಮಂತ ಮಹಾಯುದ್ಧದ ಕಾಲದ ಬಾಂಬರ್ ವಿಮಾನವೊಂದರ ನಡುಭಾಗವನ್ನು ಎಲ್ಲಿಂದಲೋ ಕೊಂಡು ತಂದ, ಪ್ರದರ್ಶನಕ್ಕಿಡಲು. ಅದರ ಪಕ್ಕದ ಕಿಟಕಿಯಲ್ಲಿ ಸೈನಿಕ ನಿಂತು ಮಷಿನ್ ಗನ್ ಹಾರಿಸುತ್ತಿದ್ದನಂತೆ. ಈಗ ಗನ್ನೂ ಇಲ್ಲ, ಅದನ್ನು ಹೊರುವ ಸ್ಟ್ಯಾಂಡೂ ಇಲ್ಲ. ಗನ್ನನ್ನು ಬಡಗಿಯೊಬ್ಬ ಮರದಲ್ಲಿ ಕೆತ್ತಿದ. ಸ್ಟ್ಯಾಂಡ್ ನನ್ನ ಪಾಲಿಗೆ ಬಂತು. ನೋಡಿ ಮಾಡಲು ಕೊಟ್ಟದ್ದು ಎರಡು ಮಸುಕು ಫೋಟೋ.

ಕಿಟಕಿಯ ಅಂಚಿಗೆ ಗಿಡ್ಡ ಕಂಬ, ಅದರ ತಲೆಯ ಮೇಲೆ ಕವಲು, ಕವಲಿನ ನಡುವೆ ಗನ್. ಕಂಬ ಎಡಕ್ಕೂ ಬಲಕ್ಕೂ ತಿರುಗಬೇಕು, ಕವಲಿನಲ್ಲಿ ಗನ್ ಮೇಲೆ ಕೆಳಗೆ ಆಡಬೇಕು. ವೈರಿ ವಿಮಾನ ಹೇಳಿ ಕೇಳಿ ಬರುತ್ತದೆಯೇ? ಹಳೇ ಪಿಕಪ್ಪಿನ ಚಕ್ರದ ಬೇರಿಂಗ್ ಹಾಕಿದೆ. ಗನ್ನಿನ ಹಿಂಬದಿ ಭಾರವಾಗಿ ಬಾಗುತ್ತಿತ್ತು. ಮೂತಿಯೊಳಗೆ ಕಬ್ಬಿಣದ ಸರಳು ತುರುಕಿ ತೂಕ ಸರಿಮಾಡಿದೆ. ಕಡೆಗೆ ಒಂದು ಬೆರಳು ತಾಗಿಸಿದರೆ ತಿರುಗುತ್ತಿತ್ತು, ಬೆರಳು ತೆಗೆದರೆ ಅಲ್ಲೇ ನಿಲ್ಲುತ್ತಿತ್ತು. ಮನುಷ್ಯರನ್ನು ಕೊಲ್ಲುವ ಸಾಮಾನು, ಒಪ್ಪಿದೆ. ಆದರೂ ನನಗೆ ಆದ ಖುಷಿ ಇಷ್ಟಷ್ಟಲ್ಲ.

ಆಗ ಹೆಂಡತಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅವಳು ಊರಿಗೆ ಹೊರಡುವ ಮುಂಚಿನ ಶುಕ್ರವಾರ ಅದನ್ನು ತೋರಿಸಲು ಕರೆದುಕೊಂಡು ಹೋದೆ. ಬಸ್ಸಿನುದ್ದಕ್ಕೂ ಬೆರಳಿಗೆ ತಿರುಗುವ ಗನ್ನಿನದೇ ಮಾತು.

ವಿಮಾನವಿದ್ದ ಶೆಡ್ಡಿನ ಬಾಗಿಲಲ್ಲೇ ಆ ಶ್ರೀಮಂತನ ಮ್ಯಾನೇಜರ್ ಹಿಡಿದ. ನಮ್ಮ ಪುತ್ತೂರಿನ ಕಡೆಯವನೇ.

"ಬಂದದ್ದು ಒಳ್ಳೇದಾಯ್ತು. ನಿನ್ನ ಸ್ಟ್ಯಾಂಡ್ ಅಲ್ಲಾಡ್ತದೆ ಮಾರಾಯ."

"ಅಲ್ಲಾಡ್ಲಿಕ್ಕೇ ಮಾಡಿದ್ದು ಸರ್."

"ಮಕ್ಕಳ ಕೈ ಸಿಕ್ಕಿದ್ರೆ ಯಾರು ಜವಾಬ್ದಾರಿ? ಮೂತಿ ಆಕಾಶಕ್ಕೆ ಮಾಡಿ ವೆಲ್ಡ್ ಮಾಡು, ಖಲಾಸ್."

"ಇವಳು ಒಮ್ಮೆ ನೋಡ್ಲಿ ಸರ್. ಒಂದೇ ನಿಮಿಷ."

"ಗೆಸ್ಟ್‌ಗಳು ದಾರಿಯಲ್ಲಿದ್ದಾರೆ. ಯಲ್ಲಾ, ಯಲ್ಲಾ, ಬೇಗ!"

ವೆಲ್ಡಿಂಗ್ ಮಷಿನ್ ಆಗಲೇ ತರಿಸಿಟ್ಟಿದ್ದ. ಮೂತಿಯನ್ನು ತಾನೇ ಮೇಲೆತ್ತಿ ಹಿಡಿದು ಮುಖ ಆಚೆ ಮಾಡಿದ. ಬೆಳಕಿಗೆ ಕಣ್ಣು ಕೆಡುತ್ತದೆಂದು ಹೆಂಡತಿಗೂ ಗೋಡೆ ಕಡೆ ತಿರುಗಿ ನಿಲ್ಲಲು ಹೇಳಿದೆ. ಬೇರಿಂಗಿನ ಗ್ರೀಸು ಸುಟ್ಟು ವಾಸನೆ ಬಂತು. ಕಿಡಿಗಳೆಲ್ಲ ಅವನ ಅಂಗಿಯೊಳಗೇ ಬೀಳಲಿ ಎಂದು ಮನಸಾರೆ ಹಾರೈಸಿದೆ. ಒಂದೂ ಬೀಳಲಿಲ್ಲ.

ಕೆಲಸ ಮುಗಿಸಿ ಅವಳನ್ನು ಕರೆದೆ. ಅವಳು ಮರದ ಮೂತಿಗೆ ಒಂದು ಬೆರಳು ತಾಗಿಸಿದಳು. ಆಮೇಲೆ ಅಂಗೈಯಿಟ್ಟು ನೂಕಿದಳು.

"ತಿರುಗ್ತದೆ ಅಂದ್ರಿ ಅಲ್ವಾ?"

"ತಿರುಗ್ತಿತ್ತು."

ಅವಳು ನನ್ನ ಮುಖ ನೋಡಿದಳು. "ಲಾಯ್ಕ ಉಂಟು," ಎಂದಳು. ನೆಂಟರ ಮನೆಯ ಸಪ್ಪೆ ಪಾಯಸಕ್ಕೂ ಅವಳು ಅದೇ ದನಿಯಲ್ಲಿ ಹಾಗೆ ಹೇಳುತ್ತಾಳೆ.