ರಾಯಬಾಗಕ್ಕೆ ಒಯ್ದ ಒಂದು ಕೊಡ ನೀರು

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ವಾಸನೆ ಈಗ ಯಾರ ಮನೆಯಲ್ಲೂ ಸಿಗುವುದಿಲ್ಲ. ಅಪರೂಪಕ್ಕೆ ಎಲ್ಲಾದರೂ ಮೂಗಿಗೆ ಬಡಿದರೆ ನಿಮಗೆ ಹಬ್ಬದ ಹಿಂದಿನ ದಿನ ನೆನಪಾದೀತು, ಅಜ್ಜಿ ನೆನಪಾದಾಳು. ನನಗೆ ಮೊದಲು ನೆನಪಾಗುವವನು ಬಾಪು ಕಾಕಾ, ನನ್ನಪ್ಪನ ತಮ್ಮ. ನೆನಪಾದ ಕೂಡಲೇ ಬಾಯಿ ಒಗರಾಗುತ್ತದೆ. ಶೇಡಬಾಳದ ನಮ್ಮ ಮನೆಯಲ್ಲಿ ಆಗ ಹದಿನಾಲ್ಕು ಜನ. ಅಪ್ಪ ಕಬ್ಬಿಗೆ ನೀರು ಹಾಯಿಸುತ್ತಿದ್ದ, ಅವ್ವ ಮತ್ತು ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದರು, ಕಾಕಾ ಧರ್ಮ ನೋಡಿಕೊಳ್ಳುತ್ತಿದ್ದ. ಬಸದಿಯ ಕಟ್ಟೆಯ ಮೇಲೆ ಕುಳಿತು, ಜೈನರು ತಿನ್ನಬಾರದ ಗಡ್ಡೆಗೆಣಸು ಯಾರು ತಿಂದರು, ಯಾರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೂ ಒಲೆ ಉರಿಯಿತು ಎಂದು ಲೆಕ್ಕ ಹಾಕುವುದೇ ಅವನ ದುಡಿಮೆ. ಆ ದುಡಿಮೆಗೆ ಅವನಿಗೆ ದಿನಾ ಎರಡು ಹೊತ್ತು ತುಪ್ಪ ಹಾಕಿದ ಅನ್ನ ಬೇಕಾಗುತ್ತಿತ್ತು.

ಆ ಮನೆಯಲ್ಲಿ ನಿಜವಾದ ಧರ್ಮ ಇದ್ದದ್ದು ಆಯಿಯ ಹತ್ತಿರ, ಅಂದರೆ ನನ್ನ ಅಜ್ಜಿಯ ಹತ್ತಿರ. ಅವಳು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ: ಸಾಯುವುದರೊಳಗೆ ಒಮ್ಮೆಯಾದರೂ ಮುನಿ ಮಹಾರಾಜರಿಗೆ ಆಹಾರ ಕೊಡಬೇಕು. ಆ ದಿಗಂಬರ ಮುನಿಗಳು ಉಣ್ಣುವುದು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ. ಬಾಗಿಲಲ್ಲಿ ಕೈಮುಗಿದು ನಿಂತವರ ಪೈಕಿ ಯಾರ ಮನೆ ಹೊಗುತ್ತಾರೆಂದು ಮೊದಲೇ ಗೊತ್ತಾಗುವುದಿಲ್ಲ. ಊರಿಗೆ ಮುನಿಗಳು ಬಂದಾಗಲೆಲ್ಲ ಆಯಿ ನಸುಕಿನಲ್ಲೇ ಮಿಂದು, ಬಾವಿ ನೀರು ಸೇದಿ, ಸೋಸಿ, ಕಾಸಿ, ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವರು ಪ್ರತಿ ಸಲವೂ ನಮ್ಮ ಮನೆ ದಾಟಿ ಹೋಗುತ್ತಿದ್ದರು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವಳು ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಅದೇ ಚಳಿಗಾಲ ರಾಯಬಾಗಕ್ಕೆ ಮಹಾರಾಜರು ಬಂದಿದ್ದಾರೆಂದು ಸುದ್ದಿ ಬಂತು. ಅಲ್ಲಿದ್ದ ನನ್ನ ಸೋದರತ್ತೆಯ ಮನೆಯ ಬಾವಿ ಬತ್ತಿ ನಳ ಬಂದಿತ್ತು. ನಳದ ನೀರು ಮುನಿಗಳಿಗೆ ನಡೆಯುವುದಿಲ್ಲ. ಓಣಿಯಲ್ಲಿ ಬೇರೆ ಬಾವಿ ಇರಲಿಲ್ಲವೆಂದಲ್ಲ. ಆದರೆ ಆಯಿ ಹಟ ಹಿಡಿದಳು.

"ನಾ ಅಂತೂ ಬಾಗಲಾಗ ನಿಂದ್ರಾಕ ಆಗೂದಿಲ್ಲ. ನನ್ನ ಕೈಲೆ ಸೇದಿದ ನೀರರ ಅವರ ಬೊಗಸ್ಯಾಗ ಬೀಳ್ಲಿ."

ಇಬ್ಬರು ಹಿಡಿದುಕೊಂಡು ಅವಳನ್ನು ಬಾವಿಗೆ ಕರೆದೊಯ್ದರು. ಹಗ್ಗ ಮುಟ್ಟಲು ಯಾರನ್ನೂ ಬಿಡಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಒಂದು ತಾಮ್ರದ ಕೊಡ ತುಂಬಲು ಅರ್ಧ ಮುಂಜಾನೆ ಹಿಡಿಯಿತು. ನೋವಿಗೆ ಅವಳು ತುಟಿ ಕಚ್ಚಿದ್ದು ಕಂಡು ನಾನು ಅತ್ತುಬಿಟ್ಟೆ. ಕಾಕಾ ಮಾತ್ರ ಮಡಿಯುಟ್ಟು, ಯಾರೂ ಮೈಗೆ ತಾಗದಂತೆ ದೂರ ನಿಂತು, "ಲಗೂನ ಮುಗಸ್ರಿ, ಹೊತ್ತಾಗತೈತಿ" ಎನ್ನುತ್ತಿದ್ದ. ಕೊಡ ಒಯ್ಯಬೇಕಾದವನು ಅವನೇ, ಆದರೆ ಬಸ್ಸಿನಲ್ಲಿ ಒಯ್ಯುವುದು ಅವನಿಗೆ ಒಪ್ಪಿಗೆಯಿರಲಿಲ್ಲ. "ಯಾರ್ಯಾರ ಮೈ ತಾಗತೈತೋ ಏನೋ" ಎಂದ. ಹಾಗಾಗಿ ಸೈಕಲ್ಲು. ಕೊಡದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಕ್ಯಾರಿಯರ್‌ಗೆ ಹಳೆಯ ಟ್ಯೂಬಿನಿಂದ ಕಟ್ಟಿದ್ದಾಯಿತು. ಕಾಕಾ ಉಂಡು, ಮಲಗೆದ್ದು ಹೊರಡುವಾಗ ಮಧ್ಯಾಹ್ನ ಇಳಿದಿತ್ತು. ಆಯಿ ನನ್ನನ್ನು ಹತ್ತಿರ ಕರೆದಳು. "ತಂಗೀ, ನೀನೂ ಸೈಕಲ್ ತಗೊಂಡು ಹಿಂದ ಹೋಗು. ಕೊಡದ ಮ್ಯಾಲೆ ಕಣ್ಣಿಡು."

ಅವನ ಹಿಂದೆ ಸೈಕಲ್ ತುಳಿಯುತ್ತ ನಾನು ಕಂಡ ಮೆರವಣಿಗೆಯನ್ನು ಹೇಗೆ ಹೇಳಲಿ? ಎದುರಿಗೆ ಸಿಕ್ಕವರಿಗೆಲ್ಲ "ದೂರ ಸರೀರಿ, ಮಹಾರಾಜರ ನೀರು ಐತಿ" ಎಂದು ಗಂಟೆ ಬಾರಿಸುತ್ತ ಹೋದ. ಕಬ್ಬಿನ ಟ್ರ್ಯಾಕ್ಟರಿನವರು ಕೈಮುಗಿದರು. ದಾರಿ ಬದಿ ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು ಬೊಗಸೆ ನೀರು ಕೇಳಿದಳು; ಅವಳನ್ನು ನಾಯಿಗೆ ಗದರಿದ ಹಾಗೆ ಗದರಿದ. ಪ್ರತಿ ನಮಸ್ಕಾರಕ್ಕೂ ಅವನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಕೃಷ್ಣೆಯ ಸೇತುವೆ ದಾಟಿ ಕುಡಚಿಗೆ ಬರುವಾಗ ಹೊತ್ತು ಮುಳುಗಿಯೇಬಿಟ್ಟಿತ್ತು. ರಸ್ತೆ ಪಕ್ಕದ ಹೋಟೆಲಿನ ಬಾಣಲೆಯಲ್ಲಿ ಉಳ್ಳಾಗಡ್ಡಿ ಭಜಿ ಕರಿಯುತ್ತಿದ್ದರು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಯ ಹೆಸರೆತ್ತಿದರೂ ಕಾಕಾ ಎದ್ದು ಹೋಗುತ್ತಿದ್ದ. ಅಂಥವನು ಅತ್ತಿತ್ತ ನೋಡಿದ. ಪರಿಚಯದವರು ಯಾರೂ ಇರಲಿಲ್ಲ. ನಾನೊಬ್ಬಳಿದ್ದೆ, ನಾನು ಅವನ ಲೆಕ್ಕಕ್ಕಿರಲಿಲ್ಲ. ಸೈಕಲ್ಲನ್ನು ಗೋಡೆಗೆ ಆನಿಸಿ ಒಳಗೆ ಹೋಗಿ ಎರಡು ಪ್ಲೇಟು ತಿಂದ. ಅವನು ಬಾಯಿ ಒರೆಸಿಕೊಳ್ಳುತ್ತಿರುವಾಗಲೇ ಸೈಕಲ್ಲು ಜಾರಿತು. ನಾನು ಓಡಿ ಹಿಡಿಯುವುದರೊಳಗೆ ಆಯಿ ಅರ್ಧ ಮುಂಜಾನೆ ಸೇದಿದ ನೀರು ಗಟಾರಿಗೆ ಹರಿದು ಹೋಗಿತ್ತು.

ಅವನು ಒಂದು ಕ್ಷಣ ಹೆದರಿದ, ಅದನ್ನು ನಾನು ಕಂಡಿದ್ದೇನೆ. ಆಮೇಲೆ ಕೊಡವನ್ನು ಎತ್ತಿ, ಹೋಟೆಲಿನವರು ಪ್ಲೇಟು ತೊಳೆಯುವ ನಳದ ಕೆಳಗಿಟ್ಟ. ತುಂಬಿದ ಮೇಲೆ ಅದೇ ಬಿಳಿ ಬಟ್ಟೆ ಹಿಂಡಿ ಕಟ್ಟಿದ.

"ಏನ್ ನೋಡಾಕತ್ತಿ? ಎಲ್ಲಾ ನೀರು ಒಂದಽ. ಆಯಿ ಮುಂದ ಬಾಯಿ ಬಿಟ್ಟಿ ಅಂದ್ರ, ಮುದುಕಿ ಅನ್ನ ಬಿಟ್ಟು ಸಾಯ್ತಾಳ. ಆ ಪಾಪ ನಿನ್ನ ತಲಿ ಮ್ಯಾಲೆ ನೋಡ."

ಅತ್ತೆಯ ಮನೆಯಲ್ಲಿ ಅವನಿಗೆ ಊಟಕ್ಕೆ ಕೇಳಿದರು. "ಛೇ, ಹೊತ್ತು ಮುಳುಗೇತಿ, ಇನ್ನ ನೀರೂ ಮುಟ್ಟಾಂಗಿಲ್ಲ" ಎಂದು ಚಾಪೆ ಹಾಸಿಕೊಂಡ. ಮರುದಿನ ಹತ್ತರ ಸುಮಾರಿಗೆ ಮಹಾರಾಜರು ಓಣಿಗೆ ಬಂದರು. ನಮ್ಮ ಮನೆ ಬಾಗಿಲಲ್ಲಿ ಇಷ್ಟು ವರ್ಷ ನಿಲ್ಲದವರು, ಅಂದು ಅತ್ತೆಯ ಬಾಗಿಲಲ್ಲಿ ನಿಂತರು. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಎಂದು ಮನೆಯವರು ಮಾತು ಕೊಡಬೇಕು. ಎಲ್ಲರಿಗಿಂತ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ, ಕಾಕಾನೇ ಅದನ್ನು ಹೇಳಿದ. ಊಟದಲ್ಲಿ ಒಂದು ಕೂದಲು ಕಂಡರೂ, ಒಂದು ಇರುವೆ ಕಂಡರೂ ಮುನಿಗಳು ಅಲ್ಲಿಗೇ ಬೊಗಸೆ ಬಿಡಿಸಿ ಹೊರಡುತ್ತಾರೆ. ನಾನು ಮೂಲೆಯಲ್ಲಿ ಕೈಮುಗಿದು ನಿಂತು ಆ ಒಂದು ಇರುವೆಗಾಗಿ ಬೇಡಿಕೊಂಡೆ. ಬರಲಿಲ್ಲ. ಸೌಮ್ಯ ಕಣ್ಣಿನ ಆ ಮುದಿ ಮಹಾರಾಜರು ಕುಡಚಿ ಹೋಟೆಲಿನ ನಳದ ನೀರನ್ನು ಮೂರು ಬೊಗಸೆ ಕುಡಿದರು. ಕಾಕಾನ ಕಣ್ಣಲ್ಲಿ ಧಾರಾಕಾರ ನೀರು. ಅದು ನಾಟಕವಾಗಿರಲಿಲ್ಲ, ನಿಜವಾಗಿಯೇ ಅಳುತ್ತಿದ್ದ. ಅವನನ್ನು ನಾನು ಇವತ್ತಿಗೂ ಕ್ಷಮಿಸದಿರುವುದು ಆ ಅಳುವಿಗೆ.

ಈಗ ಆ ಮನೆ ಮೂರು ಪಾಲಾಗಿದೆ. ಬಾವಿಗೆ ಮಣ್ಣು ತುಂಬಿ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಕಾಕಾ ಎಂಬತ್ತು ದಾಟಿ, ಧರ್ಮಾತ್ಮನೆಂಬ ಹೆಸರು ಹೊತ್ತು ಸತ್ತ. ಅವನ ದಿನಕರ್ಮಕ್ಕೆ ನಾನು ಹೋಗಲಿಲ್ಲ. ಅವನನ್ನು ಹೀಯಾಳಿಸುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಕಷ್ಟವಾಗುವುದು ನಾವು ತಿರುಗಿ ಬಂದ ಆ ಸಂಜೆಯನ್ನು ನೆನೆಯುವುದು. ಅಂಗಳದಲ್ಲಿ ಕಾಕಾ ಜನರ ನಡುವೆ ಕುಳಿತು ಕಥೆ ಹೇಳುತ್ತಿದ್ದ. ಆಯಿ ಒಳಗಿನ ಕೋಣೆಯಲ್ಲಿ ಮಲಗಿದ್ದಳು, ನನ್ನನ್ನು ಕರೆದು ಬಾಗಿಲು ಮುಂದೆ ಮಾಡಲು ಹೇಳಿದಳು.

"ಖರೇ ಹೇಳು ತಂಗೀ. ನನ್ನ ನೀರು ಕುಡದ್ರೇನವಾ?"

"ಕುಡದ್ರು ಆಯಿ. ಮೂರು ಬೊಗಸಿ."

ಅವಳು ನನ್ನ ಕೈ ಹಿಡಿದು ಎದೆಯ ಮೇಲಿಟ್ಟುಕೊಂಡಳು. "ಅವ ಎಷ್ಟು ಹೇಳಿದ್ರೂ ನಾ ನಂಬಿದ್ದಿಲ್ಲ ನೋಡ. ಅವನ್ನ ಹಡದಾಕಿ ನಾ, ನನಗ ಗೊತ್ತಿಲ್ಲೇನು? ನೀ ಹೇಳಿದಿ, ಸಾಕು."