ತಾಳಿಕೋಟೆಯಲ್ಲಿ ತಿಕ್ಕಿದ ಲೆನ್ಸ್

ತಾಳಿಕೋಟೆಯ ಬಸ್‌ ನಿಲ್ದಾಣದ ಹಿಂದೆ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರಿದ್ದರು. ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅವರ ಅಂಗಡಿಗೆ ಹೋಗುವವರು ಕಡಿಮೆಯಾಗಿದ್ದರು. ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ನೋಡೂಣ್ರಿ" ಎನ್ನುತ್ತಿದ್ದರು. ನನ್ನ ಕ್ಯಾಮೆರಾದ ಲೆನ್ಸ್ ಒಡೆದಾಗಲೂ ಹಾಗೇ ಅಂದರು. ಅಂಥ ಗಾಜು ಎಲ್ಲೂ ಸಿಗಲಿಲ್ಲ. ಆರು ತಿಂಗಳು ಕುಳಿತು ತಾವೇ ಒಂದನ್ನು ತಿಕ್ಕಿ ಕೂರಿಸಿದರು. ನನ್ನದೊಂದು ಫೋಟೊ ತೆಗೆದು ಪ್ರಿಂಟ್ ಹಾಕಿದರು. ಮುಖ ಸ್ಪಷ್ಟವಾಗಿತ್ತು, ಅಂಚೆಲ್ಲ ಕಲಸಿಹೋಗಿತ್ತು.

"ಈ ಲೆನ್ಸ್‌ಗಳನ್ನ ಜಪಾನು, ಜರ್ಮನಿ ಅಂತ ನಾಕೈದ ದೇಶದಾಗ ಯಾಕ ಮಾಡ್ತಾರ್ರಿ?" ಎಂದು ಕೇಳಿದೆ.

"ಅಲ್ಲಿ ಗಾಜು ಕಾಸಾವ್ರು, ತಿಕ್ಕಾವ್ರು, ಲೇಪ ಹಚ್ಚಾವ್ರು ಎಲ್ಲಾ ಆಜೂಬಾಜೂ ಅದಾರ್ರಿ. ಅಜ್ಜನ ಕಾಲದಿಂದ ಅದ ಕೆಲಸ. ಒಬ್ಬಾಂವ ತಪ್ಪಿದ್ರ ಇನ್ನೊಬ್ಬಾಂವ ಆ ತಪ್ಪು ಹಿಡೀತಾನ. ನಾ ಯಾರಿಗೆ ತೋರಿಸ್ಲಿ?"

ಫೋಟೊವನ್ನು ನನ್ನ ಮುಂದೆ ಹಿಡಿದು, "ತಿಕ್ಕೂದ್ರಾಗ ಎಲ್ಲಿ ತಪ್ಪೇನಿ, ಹೇಳ್ರಿ" ಎಂದರು. ನನಗೇನು ತಿಳಿಯಬೇಕು? "ಛಲೋ ಬಂದೈತ್ರಿ" ಎಂದೆ.

"ಎಲ್ಲಾರೂ ಹಂಗ ಅಂತಾರ್ರಿ" ಎಂದರು ಮೆಲ್ಲಗೆ. ಕ್ಯಾಮೆರಾವನ್ನು ನನಗೆ ಕೊಡಲಿಲ್ಲ. ಗಾಜು ಬಿಚ್ಚಿಕೊಂಡು ಮತ್ತೆ ತಿಕ್ಕಲು ಕುಳಿತರು.